ಬಯಾಲಜಿಕ್ ಇಂಜೆಕ್ಷನ್ ಶುರು ಮಾಡೋ ಮುಂಚಿನ ಒಂದು ತಿಂಗಳು: ಬೆನ್ನುಮೂಳೆ ಆರ್ಥ್ರೈಟಿಸ್ ಇರೋರಿಗೆ

ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇರೋರಿಗೆ (ಇನ್ಮೇಲೆ ಬರೀ ಎಎಸ್ ಅಂತೀನಿ) ಡಾಕ್ಟ್ರು "ಇನ್ನು ಮಾತ್ರೆ ಸಾಲಲ್ಲ, ಬಯಾಲಜಿಕ್ ಶುರು ಮಾಡೋಣ" ಅಂದ ದಿನ ಮನೇಲಿ ಬರೋದು ಎರಡೇ ಪ್ರಶ್ನೆ, ಖರ್ಚೆಷ್ಟು ಮತ್ತೆ ಸೈಡ್ ಎಫೆಕ್ಟ್ ಏನು. ಎರಡೂ ಕೇಳಬೇಕಾದ್ದೇ. (ಬಯಾಲಜಿಕ್ ಅಂದ್ರೆ ಜೀವಕೋಶಗಳಲ್ಲಿ ತಯಾರಿಸೋ, ಉರಿಯೂತ ಮಾಡೋ ಒಂದು ನಿರ್ದಿಷ್ಟ ಪ್ರೋಟೀನನ್ನ ತಡೆಯೋ ಔಷಧಿ.) ಆದ್ರೆ ಇಂಜೆಕ್ಷನ್ ಹಾಕ್ಸ್ಕೊಳೋಕೆ ಮುಂಚೆ ಏನೇನ್ ರೆಡಿ ಮಾಡ್ಕೋಬೇಕು ಅಂತ ಕೇಳೋರು ಕಮ್ಮಿ, ಡಾಕ್ಟ್ರಿಗೂ ಒಪಿಡಿ ರಶ್ಶಲ್ಲಿ ಅದನ್ನೆಲ್ಲ ಕೂತು ಹೇಳೋಕೆ ಟೈಮ್ ಸಿಗಲ್ಲ. ನಂಗೂ ಎಎಸ್ ಇದೆ, ಅಡಾಲಿಮುಮ್ಯಾಬ್ ಅನ್ನೋ ಬಯಾಲಜಿಕ್ ತಗೋತಿದೀನಿ, ನನ್ನ ಥರದೋರು ಸುಮಾರು ಜನ ಪರಿಚಯ ಇದಾರೆ. ಇಂಜೆಕ್ಷನ್ ಕೆಲಸ ಮಾಡಿದ್ರೂ ಮಧ್ಯದಲ್ಲೇ ನಿಂತು ಹೋದ ಕೇಸುಗಳನ್ನ ನೋಡಿದ್ರೆ, ತುಂಬಾ ಸಲ ಔಷಧಿ ತಪ್ಪಲ್ಲ, ಒಂದೋ ದುಡ್ಡಿನ ಪ್ಲಾನ್ ಇರ್ಲಿಲ್ಲ, ಇಲ್ಲಾ ಟಿಬಿ ಟೆಸ್ಟ್ ಸರಿಯಾಗಿ ಆಗಿರ್ಲಿಲ್ಲ. ಅದಕ್ಕೇ ಮೊದಲ ಡೋಸಿಗಿಂತ ಮುಂಚಿನ ತಿಂಗಳ ಬಗ್ಗೆ ಜಾಸ್ತಿ ಬರೀತೀನಿ. ಡೋಸು, ಯಾವ ಔಷಧಿ ಅನ್ನೋದೆಲ್ಲ ನಿಮ್ಮ ರುಮಟಾಲಜಿಸ್ಟ್ (ಆರ್ಥ್ರೈಟಿಸ್ ತಜ್ಞರು) ತೀರ್ಮಾನ, ನಾನು ಬರೀತಿರೋದು ಅವರ ಹತ್ರ ಏನು ಕೇಳಬೇಕು, ಮನೇಲಿ ಏನು ಮಾಡ್ಕೋಬೇಕು ಅಂತ.

ಮೊದಲನೇದು, ಇದು ನಿಜವಾಗ್ಲೂ ಎಎಸ್ಸೇನಾ ಅಂತ ಗಟ್ಟಿ ಮಾಡ್ಕೊಳ್ಳಿ. ಎಷ್ಟೋ ಜನ ವರ್ಷಗಟ್ಟಲೆ ಡಿಸ್ಕ್ ಪ್ರಾಬ್ಲಂ, ವಾಯು, ಕೂತ್ಕೊಂಡು ಕೆಲಸ ಮಾಡೋದ್ರಿಂದ ಸೊಂಟ ನೋವು ಅಂತ ಅಲೆದಿರ್ತಾರೆ. ಡಿಸ್ಕ್ ನೋವು ಮಲಗಿದ್ರೆ ಕಮ್ಮಿ ಆಗುತ್ತೆ, ಎಎಸ್ ನೋವು ಮಲಗಿದ್ರೇನೇ ಜಾಸ್ತಿ, ರಾತ್ರಿ ಮೂರು ನಾಲ್ಕು ಗಂಟೆಗೆ ಎಚ್ಚರ ಆಗುತ್ತೆ, ಬೆಳಗ್ಗೆ ಎದ್ದಾಗ ಅರ್ಧ ಗಂಟೆ ಮೇಲೆ ಸೊಂಟ ಹಿಡ್ಕೊಂಡೇ ಇರುತ್ತೆ, ಓಡಾಡಿದ್ಮೇಲೆ ಬಿಡುತ್ತೆ. ಸಾಮಾನ್ಯವಾಗಿ 45 ವರ್ಷದೊಳಗೇ ಶುರು ಆಗಿರುತ್ತೆ. ಎಂಆರ್‌ಐ ಮಾಡಿಸುವಾಗ ಬರೀ ಸೊಂಟದ ಮೂಳೆದು ಮಾಡ್ಸಿದ್ರೆ ಸಾಲಲ್ಲ, ಪೃಷ್ಠದ ಹತ್ರ ಇರೋ ಸ್ಯಾಕ್ರೋಇಲಿಯಾಕ್ ಜಾಯಿಂಟಿಂದು ಸ್ಟಿರ್ ಸೀಕ್ವೆನ್ಸ್ (ಉರಿಯೂತ ಎದ್ದು ಕಾಣೋ ಥರ ತೆಗೆಯೋ ಎಂಆರ್‌ಐ ಚಿತ್ರ) ಜೊತೆ ಆಗ್ಬೇಕು, ಉರಿಯೂತ ಕಾಣೋದು ಅಲ್ಲೇ. ಎಚ್‌ಎಲ್‌ಎ ಬಿ27 ಅನ್ನೋ ಜೀನ್ ಟೆಸ್ಟ್ ಪಾಸಿಟಿವ್ ಅಂದ ಮಾತ್ರಕ್ಕೆ ಎಎಸ್ ಅಲ್ಲ, ಅದು ಪಾಸಿಟಿವ್ ಇರೋರಲ್ಲಿ ಹೆಚ್ಚಿನೋರಿಗೆ ಈ ಕಾಯಿಲೆ ಬರೋದೇ ಇಲ್ಲ. ನೆಗೆಟಿವ್ ಇದ್ದೂ ಎಎಸ್ ಇರೋರಿದಾರೆ.

ನಮ್ಮ ಕಡೆ ಇನ್ನೂ ಎರಡು ಕಾಯಿಲೆ ಇದೇ ವೇಷದಲ್ಲಿ ಬರ್ತವೆ. ಒಂದು ಬೆನ್ನುಮೂಳೆ ಟಿಬಿ. ಇನ್ನೊಂದು ಬ್ರುಸೆಲ್ಲೋಸಿಸ್, ಇದು ದನ ಕುರಿಗಳಿಂದ, ಕಾಯಿಸದ ಹಾಲಿಂದ ಬರುತ್ತೆ, ಸ್ಯಾಕ್ರೋಇಲಿಯಾಕ್ ಜಾಯಿಂಟಿಗೇ ಕೂರುತ್ತೆ. ಮನೇಲಿ ಹಸು ಇದ್ರೆ, ಕುರಿ ಸಾಕಣೆ ಇದ್ರೆ, ಹಸಿ ಹಾಲು ಕುಡಿಯೋ ಅಭ್ಯಾಸ ಇದ್ರೆ ಡಾಕ್ಟ್ರು ಕೇಳ್ಲಿ ಬಿಡ್ಲಿ ನೀವೇ ಹೇಳಿ. ಒಂದೇ ಕಡೆ ನೋವು, ಜೊತೆಗೆ ಜ್ವರ, ತೂಕ ಇಳೀತಿದೆ ಅಂದ್ರೂ ಹೇಳಿ. ಇನ್ಫೆಕ್ಷನ್ ಇದ್ದಾಗ ಬಯಾಲಜಿಕ್ ಕೊಟ್ರೆ ಇನ್ಫೆಕ್ಷನ್ನೇ ಗೆಲ್ಲುತ್ತೆ.

ಇನ್ನು ಬಯಾಲಜಿಕ್ ಬೇಕೇ ಬೇಕಾ? ಸಾಮಾನ್ಯ ನಿಯಮ ಏನಂದ್ರೆ ಇಂಡೊಮೆಥಾಸಿನ್, ನ್ಯಾಪ್ರಾಕ್ಸೆನ್, ಎಟೊರಿಕಾಕ್ಸಿಬ್ ಥರದ ನೋವಿನ ಮಾತ್ರೆಗಳಲ್ಲಿ ಕನಿಷ್ಠ ಎರಡನ್ನ ಫುಲ್ ಡೋಸಲ್ಲಿ ಒಟ್ಟು ನಾಲ್ಕು ವಾರ ತಗೊಂಡ್ರೂ ನೋವು ಹತೋಟಿಗೆ ಬರ್ಲಿಲ್ಲ ಅಂದ್ರೆ ಮುಂದಿನ ಹೆಜ್ಜೆ ಯೋಚಿಸ್ತಾರೆ. ನೋವು ಬಂದಾಗ ಒಂದು ಮಾತ್ರೆ ನುಂಗಿ ಬಿಡೋದು ಈ ಲೆಕ್ಕಕ್ಕೆ ಬರಲ್ಲ. ಬೇರೆ ಆರ್ಥ್ರೈಟಿಸಿಗೆ ಕೊಡೋ ಮೆಥೋಟ್ರೆಕ್ಸೇಟ್ ಬೆನ್ನುಮೂಳೆಗೆ ಕೆಲಸ ಮಾಡಲ್ಲ, ಸಲ್ಫಾಸಲಜೀನ್ ಮೊಣಕಾಲು ಪಾದ ಊದಿಕೊಂಡಿದ್ರೆ ಸ್ವಲ್ಪ ಮಾಡುತ್ತೆ, ಬೆನ್ನಿಗಲ್ಲ. ಸ್ಟಿರಾಯ್ಡ್ ಮಾತ್ರೆ ದೀರ್ಘಕಾಲಕ್ಕೆ ಇದಕ್ಕೆ ಮದ್ದೇ ಅಲ್ಲ. ಯಾರೋ ಕೊಡೋ ಹೆಸರಿಲ್ಲದ ಪುಡಿ ತಿಂದ ಎರಡೇ ದಿನಕ್ಕೆ ಮ್ಯಾಜಿಕ್ ಥರ ನೋವು ಹೋಯ್ತು ಅಂದ್ರೆ ಅದ್ರಲ್ಲಿ ಸ್ಟಿರಾಯ್ಡ್ ಬೆರೆಸಿರ್ಬೋದು, ತಿಂತಾ ಇದ್ರೆ ಅದನ್ನೂ ಡಾಕ್ಟ್ರಿಗೆ ಮುಚ್ಚಿಡದೆ ಹೇಳಿ, ಯಾಕಂದ್ರೆ ಅದನ್ನ ಏಕಾಏಕಿ ನಿಲ್ಲಿಸೋದೂ ಅಪಾಯ.

ನಿಮ್ಮ ಕಾಯಿಲೆ ಎಷ್ಟು ಜೋರಾಗಿದೆ ಅಂತ ಅಳೆಯೋಕೆ ಬ್ಯಾಸ್ಡಾಯ್ ಅಂತ ಒಂದು ಸ್ಕೋರ್ ಇದೆ, ಇದನ್ನ ಮನೇಲೇ ಹಾಕ್ಬೋದು, ದಯವಿಟ್ಟು ಮೊದಲ ಡೋಸಿಗಿಂತ ಮುಂಚೆ ಹಾಕಿ ಡೇಟ್ ಸಮೇತ ಬರೆದಿಡಿ. ಹೋದ ಒಂದು ವಾರದ ಬಗ್ಗೆ ಆರು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 10. ಸುಸ್ತು ಎಷ್ಟು, ಕುತ್ತಿಗೆ ಬೆನ್ನು ಸೊಂಟದ ನೋವು ಎಷ್ಟು, ಬೇರೆ ಜಾಯಿಂಟ್ ನೋವು ಊತ ಎಷ್ಟು, ಮುಟ್ಟಿದ್ರೆ ಒತ್ತಿದ್ರೆ ನೋಯೋ ಜಾಗಗಳ ತೊಂದರೆ ಎಷ್ಟು, ಬೆಳಗ್ಗೆ ಹಿಡ್ಕೊಳೋದು ಎಷ್ಟು ಜೋರು, ಅದು ಎಷ್ಟು ಹೊತ್ತು ಇರುತ್ತೆ. ಕೊನೇ ಪ್ರಶ್ನೇಲಿ ಎರಡು ಗಂಟೆ ಅಥವಾ ಜಾಸ್ತಿ ಅಂದ್ರೆ 10, ಒಂದು ಗಂಟೆ ಅಂದ್ರೆ 5. ಆಮೇಲೆ ಕೊನೇ ಎರಡರ ಸರಾಸರಿ ತಗೊಂಡು ಮೊದಲ ನಾಲ್ಕಕ್ಕೆ ಕೂಡಿ 5ರಿಂದ ಭಾಗಿಸಿ. ಉದಾಹರಣೆಗೆ 7, 8, 4, 5, 7, 5 ಬಂದಿದ್ರೆ ಕೊನೇ ಎರಡರ ಸರಾಸರಿ 6, ಒಟ್ಟು 30, ಸ್ಕೋರ್ 6. ಸ್ಕೋರ್ 4 ಅಥವಾ ಅದಕ್ಕಿಂತ ಮೇಲೆ ಇದ್ರೆ ಕಾಯಿಲೆ ಆಕ್ಟಿವ್ ಅಂತ ಲೆಕ್ಕ. ಇದು ಬರೆದಿಟ್ಟಿಲ್ಲ ಅಂದ್ರೆ ಮೂರು ತಿಂಗಳು ಆದ್ಮೇಲೆ "ಪರ್ವಾಗಿಲ್ಲ ಅನ್ಸುತ್ತೆ" ಅನ್ನೋದು ಬಿಟ್ಟು ಹೇಳೋಕೆ ಏನೂ ಇರಲ್ಲ.

ಯಾವ ಔಷಧಿ

ಮುಖ್ಯವಾಗಿ ಎರಡು ಗುಂಪು. ಟಿಎನ್‌ಎಫ್ ಅನ್ನೋ ಉರಿಯೂತದ ಪ್ರೋಟೀನನ್ನ ತಡೆಯೋವು: ಅಡಾಲಿಮುಮ್ಯಾಬ್ 40 ಮಿಲಿಗ್ರಾಂ ಎರಡು ವಾರಕ್ಕೊಮ್ಮೆ, ಎಟಾನರ್ಸೆಪ್ಟ್ 50 ಮಿಲಿಗ್ರಾಂ ವಾರಕ್ಕೊಮ್ಮೆ, ಗೋಲಿಮುಮ್ಯಾಬ್ 50 ಮಿಲಿಗ್ರಾಂ ತಿಂಗಳಿಗೊಮ್ಮೆ, ಇನ್ಫ್ಲಿಕ್ಸಿಮ್ಯಾಬ್ ಮಾತ್ರ ಆಸ್ಪತ್ರೇಲಿ ಡ್ರಿಪ್ ಮೂಲಕ, ತೂಕದ ಲೆಕ್ಕದಲ್ಲಿ, 0, 2, 6ನೇ ವಾರ ಆಮೇಲೆ ಆರರಿಂದ ಎಂಟು ವಾರಕ್ಕೊಮ್ಮೆ. ಇನ್ನೊಂದು ಗುಂಪು ಐಎಲ್-17 ಅನ್ನೋ ಬೇರೆ ಉರಿಯೂತದ ಪ್ರೋಟೀನನ್ನ ತಡೆಯೋವು, ನಮ್ಮಲ್ಲಿ ಜಾಸ್ತಿ ಕೇಳಿಬರೋದು ಸೆಕುಕಿನುಮ್ಯಾಬ್, 150 ಮಿಲಿಗ್ರಾಂ ಮೊದಲ ಐದು ಡೋಸ್ ವಾರ ವಾರ, ಆಮೇಲೆ ನಾಲ್ಕು ವಾರಕ್ಕೊಮ್ಮೆ. ಟೋಫಾಸಿಟಿನಿಬ್ ಅನ್ನೋ ಮಾತ್ರೇನೂ ಇದೆ, ಅದು ಬಯಾಲಜಿಕ್ ಅಲ್ಲ, ಜೆನೆರಿಕ್ ಸಿಗೋದ್ರಿಂದ ಕಮ್ಮಿ ಬೆಲೆ, ಅದಕ್ಕೂ ಟಿಬಿ ಟೆಸ್ಟ್ ಬೇಕೇ ಬೇಕು, ವಯಸ್ಸಾದೋರು ಹಾರ್ಟ್ ತೊಂದರೆ ಇರೋರು ಸಿಗರೇಟ್ ಸೇದೋರು ಅದರ ಬಗ್ಗೆ ಡಾಕ್ಟ್ರ ಹತ್ರ ಬಿಡಿಸಿ ಕೇಳಬೇಕು.

ಆಯ್ಕೆ ಮಾಡೋವಾಗ ಡಾಕ್ಟ್ರಿಗೆ ಗೊತ್ತಿರ್ಲೇಬೇಕಾದ ವಿಷಯ ಅಂದ್ರೆ ನಿಮ್ಮ ಕಣ್ಣು ಮತ್ತೆ ಹೊಟ್ಟೆ. ಯಾವಾಗಾದ್ರೂ ಒಂದು ಕಣ್ಣು ಕೆಂಪಾಗಿ ನೋವಾಗಿ ಬೆಳಕು ನೋಡೋಕಾಗದೆ ಕಣ್ಣಿನ ಡಾಕ್ಟ್ರು ಯುವೈಟಿಸ್ ಅಂದಿದ್ರೆ ಎಟಾನರ್ಸೆಪ್ಟ್ ಬದಲು ಅಡಾಲಿಮುಮ್ಯಾಬ್ ಅಥವಾ ಇನ್ಫ್ಲಿಕ್ಸಿಮ್ಯಾಬ್ ಕಡೆ ಹೋಗ್ತಾರೆ. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಅನ್ನೋ ಕರುಳಿನ ಉರಿಯೂತದ ಕಾಯಿಲೆ ಇದ್ರೆ, ಅಥವಾ ತಿಂಗಳುಗಟ್ಟಲೆ ಭೇದಿ, ಮಲದಲ್ಲಿ ರಕ್ತ ಇದ್ರೆ ಐಎಲ್-17 ಔಷಧಿಗಳಿಂದ ಅದು ಕೆರಳ್ಬೋದು. ಹಾರ್ಟ್ ಫೇಲ್ಯೂರ್ ಇರೋರಿಗೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರದ ಕಾಯಿಲೆ ಇರೋರಿಗೆ ಟಿಎನ್‌ಎಫ್ ಗುಂಪು ಬೇಡ ಅಂತಾರೆ. ಮುಜುಗರ ಅಂತ ಮಲದ ವಿಷಯ ನುಂಗ್ಕೋಬೇಡಿ.

ಬಯೋಸಿಮಿಲರ್ (ಮೂಲ ಬಯಾಲಜಿಕ್ ಥರವೇ ಬೇರೆ ಕಂಪನಿ ಮಾಡೋ ಔಷಧಿ) ಅಂದ ತಕ್ಷಣ ಡೂಪ್ಲಿಕೇಟ್ ಅಂದ್ಕೊಳೋರಿದಾರೆ, ಹಾಗಲ್ಲ. ಅಡಾಲಿಮುಮ್ಯಾಬಿನ ಮೊದಲ ಬಯೋಸಿಮಿಲರ್ ಬಂದಿದ್ದೇ ನಮ್ಮ ದೇಶದಲ್ಲಿ, 2014ರ ಡಿಸೆಂಬರಲ್ಲಿ ಝೈಡಸ್ ಕಂಪನಿ ಎಕ್ಸೆಂಪ್ಟಿಯಾ ಅಂತ ತಂತು, ಆಮೇಲೆ ಬೇರೆ ಕಂಪನಿಗಳೂ ತಂದ್ವು, ಇವತ್ತು ಮಧ್ಯಮ ವರ್ಗದೋರು ಈ ಔಷಧಿ ಯೋಚಿಸೋ ಹಾಗಾಗಿದ್ರೆ ಅದು ಇವುಗಳಿಂದಾನೇ. ನಾನು ತಗೋತಿರೋದೂ ಬಯೋಸಿಮಿಲರ್ರೇ. ಆದ್ರೆ ಮೆಡಿಕಲ್ ಶಾಪಿನೋರು ಸ್ಟಾಕ್ ಇಲ್ಲ ಅಂತ ಬೇರೆ ಬ್ರ್ಯಾಂಡ್ ಕೊಟ್ರೆ ಡಾಕ್ಟ್ರಿಗೆ ಒಂದು ಮಾತು ಕೇಳದೆ ಬದಲಾಯಿಸ್ಬೇಡಿ, ಯಾವ ಬ್ರ್ಯಾಂಡ್ ಯಾವ ಬ್ಯಾಚ್ ಅಂತ ಪ್ರತಿ ಡೋಸಿಗೂ ಬರೆದಿಡಿ, ಬಾಕ್ಸಿನ ಲೇಬಲ್ ಫೋಟೋ ತೆಗೆದಿಟ್ರೆ ಸಾಕು.

ಟಿಬಿ ಟೆಸ್ಟನ್ನ ಹಗುರವಾಗಿ ತಗೋಬೇಡಿ

ನಮ್ಮ ದೇಶದಲ್ಲಿ ಎಷ್ಟೋ ಜನರ ಮೈಯಲ್ಲಿ ಟಿಬಿ ಕ್ರಿಮಿ ಮಲಗಿರುತ್ತೆ, ಯಾವ ತೊಂದರೇನೂ ಕೊಡದೆ. ಆ ಕ್ರಿಮಿ ಸುತ್ತ ದೇಹ ಕಟ್ಟಿರೋ ಕೋಟೆಯನ್ನ ಗಟ್ಟಿಯಾಗಿ ಇಡೋದ್ರಲ್ಲಿ ಟಿಎನ್‌ಎಫ್ ಕೈ ಇದೆ. ನಾವು ಬೆನ್ನಿಗೋಸ್ಕರ ಟಿಎನ್‌ಎಫ್ ತಡೆದಾಗ ಆ ಕೋಟೆ ಸಡಿಲ ಆಗುತ್ತೆ, ಆಗ ಬರೋ ಟಿಬಿ ಬರೀ ಶ್ವಾಸಕೋಶದಲ್ಲೇ ಇರ್ಬೇಕು ಅಂತಿಲ್ಲ, ಗಂಟುಗಳಲ್ಲಿ, ಹೊಟ್ಟೇಲಿ, ಎಲ್ಲಿ ಬೇಕಾದ್ರೂ ಬರ್ಬೋದು. ಅಡಾಲಿಮುಮ್ಯಾಬ್, ಇನ್ಫ್ಲಿಕ್ಸಿಮ್ಯಾಬಲ್ಲಿ ಈ ರಿಸ್ಕ್ ಎಟಾನರ್ಸೆಪ್ಟಿಗಿಂತ ಜಾಸ್ತಿ, ಐಎಲ್-17 ಗುಂಪಲ್ಲಿ ತುಂಬಾ ಕಮ್ಮಿ.

ಟೆಸ್ಟ್ ಎರಡು ಥರ, ಜೊತೆಗೆ ಎದೆ ಎಕ್ಸ್‌ರೇ. ಮಾಂಟೂ ಟೆಸ್ಟಲ್ಲಿ ಮುಂಗೈ ಚರ್ಮಕ್ಕೆ ಸಣ್ಣ ಇಂಜೆಕ್ಷನ್ ಕೊಡ್ತಾರೆ, 48ರಿಂದ 72 ಗಂಟೆ ಒಳಗೆ ಹೋಗಿ ಓದಿಸ್ಕೋಬೇಕು, ಗಟ್ಟಿಯಾಗಿ ಊದಿರೋ ಭಾಗ ಅಳೀಬೇಕು, ಬರೀ ಕೆಂಪಾಗಿರೋದು ಲೆಕ್ಕಕ್ಕಿಲ್ಲ. ಶುಕ್ರವಾರ ಹಾಕಿಸ್ಕೊಂಡ್ರೆ ಓದೋ ದಿನ ಭಾನುವಾರಕ್ಕೆ ಬಂದು ಲ್ಯಾಬ್ ಬಾಗಿಲು ಹಾಕಿರುತ್ತೆ, ಊರಿಂದ ಬರೋರು ಸೋಮವಾರ ಹಾಕಿಸ್ಕೊಂಡು ಬುಧವಾರವೋ ಗುರುವಾರವೋ ಓದಿಸ್ಕೊಳ್ಳಿ. ಮನೇಲೇ ನೋಡ್ಕೊಂಡು "ಏನೂ ಆಗಿಲ್ಲ ಸಾರ್" ಅಂತ ಫೋನಲ್ಲಿ ಹೇಳೋದು ಟೆಸ್ಟ್ ಅಲ್ಲ. ಬಯಾಲಜಿಕ್ ತಗೊಳೋರಿಗೆ 5 ಮಿಲಿಮೀಟರ್ ಊದಿದ್ರೂ ಪಾಸಿಟಿವ್. ಇನ್ನೊಂದು ಇಗ್ರಾ ಅನ್ನೋ ರಕ್ತ ಪರೀಕ್ಷೆ, ದುಬಾರಿ, ಆದ್ರೆ ಚಿಕ್ಕಂದಿನಲ್ಲಿ ಹಾಕಿಸ್ಕೊಂಡ ಬಿಸಿಜಿ (ಟಿಬಿ ವ್ಯಾಕ್ಸೀನ್) ಇಂದ ತಪ್ಪು ಪಾಸಿಟಿವ್ ಬರಲ್ಲ. ಎಷ್ಟೋ ಡಾಕ್ಟ್ರು ಎರಡೂ ಮಾಡಿಸ್ತಾರೆ, ಬರೆದ್ರೆ ಎರಡೂ ಮಾಡಿಸಿ, ಇಲ್ಲಿ ದುಡ್ಡು ಉಳಿಸೋದು ಬೇಡ.

ಪಾಸಿಟಿವ್ ಬಂದ್ರೆ ಬಯಾಲಜಿಕ್ ಬಾಗಿಲು ಮುಚ್ತು ಅಂತ ಅಳಬೇಡಿ. ಆಕ್ಟಿವ್ ಟಿಬಿ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಐಸೋನಿಯಾಜಿಡ್ ಅನ್ನೋ ಟಿಬಿ ಮಾತ್ರೆ ಆರು ತಿಂಗಳೋ, ಬೇರೆ ಕಡಿಮೆ ಅವಧಿಯ ಕೋರ್ಸೋ ಕೊಡ್ತಾರೆ, ಸಾಮಾನ್ಯವಾಗಿ ಕನಿಷ್ಠ ಒಂದು ತಿಂಗಳು ಅದನ್ನ ತಗೊಂಡ್ಮೇಲೆ ಬಯಾಲಜಿಕ್ ಶುರು ಮಾಡ್ತಾರೆ, ಕೋರ್ಸ್ ಮಾತ್ರ ಪೂರ್ತಿ ಮುಗಿಸ್ಬೇಕು. ಲಿವರ್ ಟೆಸ್ಟ್ ಮಧ್ಯೆ ಮಧ್ಯೆ ಇರುತ್ತೆ, ಆ ಸಮಯದಲ್ಲಿ ಕುಡಿಯೋದು ಬೇಡವೇ ಬೇಡ. ಮನೇಲಿ ಅಜ್ಜಿಗೋ ಚಿಕ್ಕಪ್ಪನಿಗೋ ಯಾವಾಗಾದ್ರೂ ಟಿಬಿ ಬಂದಿದ್ರೆ, ಎಷ್ಟೇ ಹಳೇ ವಿಷಯ ಆಗ್ಲಿ, ಹೇಳಿ. ನಮ್ಮಲ್ಲಿ ಅದನ್ನ ಮುಚ್ಚಿಡೋದು ಜಾಸ್ತಿ, ಅಮ್ಮನ್ನ ಪಕ್ಕಕ್ಕೆ ಕೂರಿಸ್ಕೊಂಡು ಕೇಳಿದ್ರೆ ಆಗ ಹೊರಗೆ ಬರುತ್ತೆ. ನೆಗೆಟಿವ್ ಬಂದೋರೂ ಶುರು ಮಾಡಿದ್ಮೇಲೆ ಸಂಜೆ ಜ್ವರ, ರಾತ್ರಿ ಬೆವರು, ಎರಡು ವಾರ ದಾಟಿದ ಕೆಮ್ಮು, ಕುತ್ತಿಗೇಲಿ ಗಂಟು, ಕಾರಣ ಇಲ್ಲದೆ ತೂಕ ಇಳಿಯೋದು ಕಂಡ್ರೆ ಮುಂದಿನ ಡೋಸ್ ಹಾಕದೆ ಫೋನ್ ಮಾಡಿ.

ಟಿಬಿ ಜೊತೆಗೇ ಹೆಪಟೈಟಿಸ್ ಬಿ, ಸಿ, ಎಚ್‌ಐವಿ, ಲಿವರ್, ಕಿಡ್ನಿ, ಸಿಬಿಸಿ, ಸಿಆರ್‌ಪಿ ಎಲ್ಲ ಆಗುತ್ತೆ. ವ್ಯಾಕ್ಸೀನ್ ಹಾಕಿಸ್ಕೊಳೋಕೆ ಇದೇ ಒಳ್ಳೇ ಟೈಮು, ನ್ಯುಮೋಕಾಕಲ್, ಫ್ಲೂ, ಹೆಪಟೈಟಿಸ್ ಬಿ. ಶುರು ಆದ್ಮೇಲೆ ಜೀವಂತ ವ್ಯಾಕ್ಸೀನ್ ಹಾಕಿಸ್ಕೊಳೋ ಹಾಗಿಲ್ಲ, ಅಂದ್ರೆ ಎಂಎಂಆರ್, ಚಿಕನ್ ಪಾಕ್ಸ್, ಯೆಲ್ಲೋ ಫೀವರ್ ಇಂಥವು. ಆಫ್ರಿಕಾ ಕಡೆ ಕೆಲಸಕ್ಕೆ ಹೋಗೋ ಯೋಚನೆ ಇದ್ರೆ ಯೆಲ್ಲೋ ಫೀವರ್ ಬಗ್ಗೆ ಈಗ್ಲೇ ಕೇಳಿ, ಆಮೇಲೆ ಕೇಳಿದ್ರೆ ಕಷ್ಟ.

ದುಡ್ಡು

ನನ್ನ ಖಚಿತ ಅಭಿಪ್ರಾಯ, ಮೊದಲ ಮೂರು ತಿಂಗಳಿಗೆ ಮಾತ್ರ ದುಡ್ಡು ಹೊಂದಿಸ್ಕೊಂಡು "ಆಮೇಲೆ ನೋಡೋಣ" ಅಂತ ಶುರು ಮಾಡ್ಬೇಡಿ. ಕೆಲಸ ಮಾಡಿದ್ರೆ ಇದು ಮುಂದುವರೀಬೇಕಾದ ಔಷಧಿ. ದುಡ್ಡಿದ್ದಾಗ ಹಾಕ್ಸ್ಕೊಳೋದು ಇಲ್ದಾಗ ಬಿಡೋದು ಮಾಡಿದ್ರೆ ದೇಹ ಔಷಧಿ ವಿರುದ್ಧವೇ ಆಂಟಿಬಾಡಿ ಮಾಡ್ಕೋಬೋದು, ಆಗ ಅದು ಹಿಡಿಯೋದೇ ಇಲ್ಲ, ಇನ್ಫ್ಲಿಕ್ಸಿಮ್ಯಾಬಲ್ಲಿ ದೊಡ್ಡ ಗ್ಯಾಪ್ ಆಗಿ ಮತ್ತೆ ಕೊಟ್ರೆ ಡ್ರಿಪ್ ಹೋಗುವಾಗ್ಲೇ ರಿಯಾಕ್ಷನ್ ಆಗೋ ಭಯ ಇರುತ್ತೆ. ಹಾಗಾಗಿ ಒಂದು ವರ್ಷದ ಲೆಕ್ಕ ಹಾಕಿ, ಔಷಧಿ ಜೊತೆ ಟೆಸ್ಟು, ಓಡಾಟ ಎಲ್ಲ ಸೇರಿಸಿ.

ಬಾಕ್ಸ್ ಮೇಲಿನ ಎಂಆರ್‌ಪಿ ನೋಡಿ ಹೆದರಬೇಡಿ, ಅದಕ್ಕೂ ನಿಜವಾಗಿ ಕೊಡೋ ಬೆಲೆಗೂ ತುಂಬಾ ವ್ಯತ್ಯಾಸ ಇರುತ್ತೆ. ಹೆಚ್ಚಿನ ಕಂಪನಿಗಳು ಪೇಷಂಟ್ ಸಪೋರ್ಟ್ ಪ್ರೋಗ್ರಾಂ ಇಟ್ಟಿರ್ತಾರೆ, ಇಷ್ಟು ಡೋಸ್ ತಗೊಂಡ್ರೆ ಇಷ್ಟು ಫ್ರೀ ಅಂತ, ಡಾಕ್ಟ್ರ ಹತ್ರ ಅಥವಾ ಅವರ ಕ್ಲಿನಿಕ್ ಸ್ಟಾಫ್ ಹತ್ರ ನೇರವಾಗಿ ಕೇಳಿ, ಇದ್ರಲ್ಲಿ ಸಂಕೋಚ ಪಡೋದೇನಿಲ್ಲ. ಇಎಸ್‌ಐ ಇರೋರು ಡಿಸ್ಪೆನ್ಸರಿಯಿಂದ ರೆಫರಲ್ ತಗೊಂಡು ದೊಡ್ಡ ಇಎಸ್‌ಐ ಆಸ್ಪತ್ರೆಗೆ (ಬೆಂಗಳೂರಲ್ಲಾದ್ರೆ ರಾಜಾಜಿನಗರ) ಹೋಗಿ ವಿಚಾರಿಸಿ, ಕಾಗದ ಪತ್ರ ಓಡಾಟ ಇರುತ್ತೆ, ಆದ್ರೂ ಬಿಡಬೇಡಿ.

ಹೆಲ್ತ್ ಇನ್ಶೂರೆನ್ಸ್ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು. ಐಆರ್‌ಡಿಎಐ ಅಂದ್ರೆ ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಸಂಸ್ಥೆ 2019ರಲ್ಲಿ ಪಾಲಿಸಿಗಳು ಹೊರಗಿಡಬಾರದು ಅಂತ 12 ಆಧುನಿಕ ಚಿಕಿತ್ಸೆಗಳ ಪಟ್ಟಿ ಮಾಡ್ತು, ಅದ್ರಲ್ಲಿ ಇಂಜೆಕ್ಷನ್ ಮೂಲಕ ಕೊಡೋ ಮೊನೊಕ್ಲೋನಲ್ ಆಂಟಿಬಾಡಿ ಇದೆ. ಅಡಾಲಿಮುಮ್ಯಾಬ್, ಇನ್ಫ್ಲಿಕ್ಸಿಮ್ಯಾಬ್, ಸೆಕುಕಿನುಮ್ಯಾಬ್ ಎಲ್ಲ ಮೊನೊಕ್ಲೋನಲ್ ಆಂಟಿಬಾಡಿಗಳೇ, ಎಟಾನರ್ಸೆಪ್ಟ್ ಅಲ್ಲ. ಆದ್ರೆ ಮನೇಲಿ ನೀವೇ ಹಾಕ್ಕೊಂಡಿದ್ದನ್ನ ಒಪಿಡಿ ಖರ್ಚು ಅಂತ ತಳ್ಳಿಹಾಕೋದು ಮಾಮೂಲು, ಪಾಲಿಸಿಲಿ ಇಷ್ಟೇ ಮೊತ್ತ ಅಂತ ಲಿಮಿಟ್ಟೂ ಇರ್ಬೋದು, ಆಸ್ಪತ್ರೇಲಿ ಡೇ ಕೇರ್ ಆಗಿ ಕೊಟ್ಟಿದ್ದಕ್ಕೆ ಕ್ಲೇಮ್ ಸಿಗೋ ಚಾನ್ಸ್ ಜಾಸ್ತಿ. ಶುರು ಮಾಡೋಕೆ ಮುಂಚೆ ಪಾಲಿಸಿ ನಂಬರ್ ಹಾಕಿ ಮೇಲ್‌ನಲ್ಲಿ ಕೇಳಿ, ಉತ್ತರಾನೂ ಮೇಲ್‌ನಲ್ಲೇ ತಗೊಳ್ಳಿ. ಹೊಸ ಪಾಲಿಸಿ ತಗೊಳೋರು ಎಎಸ್ ಇದೆ ಅಂತ ಬರೀಲೇಬೇಕು, ಮೊದಲೇ ಇರೋ ಕಾಯಿಲೆಗೆ ಕಾಯೋ ಅವಧಿ 2024ರಿಂದ ಗರಿಷ್ಠ ಮೂರು ವರ್ಷಕ್ಕೆ ಇಳಿದಿದೆ, ಮುಚ್ಚಿಟ್ಟು ತಗೊಂಡ್ರೆ ಬೇಕಾದಾಗ ಪಾಲಿಸಿಯೇ ರದ್ದಾಗ್ಬೋದು.

ಫ್ರಿಜ್ಜಿಂದ ಹೊಟ್ಟೆವರೆಗೆ

ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿ ಇರ್ಬೇಕು. ಫ್ರಿಜ್ ಬಾಗಿಲಲ್ಲಿ ಬೇಡ, ತೆಗೆದು ಹಾಕಿ ಮಾಡೋವಾಗ ಬಿಸಿ ತಾಗುತ್ತೆ. ಸಿಂಗಲ್ ಡೋರ್ ಫ್ರಿಜ್ಜಲ್ಲಿ ಫ್ರೀಜರ್ ಕೆಳಗಿನ ಟ್ರೇನೂ ಬೇಡ, ಅಲ್ಲಿ ಹೆಪ್ಪುಗಟ್ಟುತ್ತೆ. ಮಧ್ಯದ ಶೆಲ್ಫಲ್ಲಿ, ಹಿಂದಿನ ಗೋಡೆಗೆ ತಾಗದ ಹಾಗೆ, ಅದರದೇ ಬಾಕ್ಸಲ್ಲಿ, ಒಂದು ಮುಚ್ಚಳ ಇರೋ ಡಬ್ಬಿಯೊಳಗೆ ಇಟ್ರೆ ದೋಸೆ ಹಿಟ್ಟು ಉಕ್ಕಿ ಸುರಿದ್ರೂ ಚಿಂತೆ ಇಲ್ಲ. ಒಂದ್ಸಲ ಹೆಪ್ಪುಗಟ್ಟಿದ್ದು ಕರಗಿದ್ರೂ ಉಪಯೋಗ ಇಲ್ಲ, ಹಾಕ್ಬೇಡಿ. ಕರೆಂಟ್ ಹೋದ್ರೆ ಬಾಗಿಲು ತೆಗೀಬೇಡಿ, ಕೆಲವು ಗಂಟೆ ತಣ್ಣಗಿರುತ್ತೆ. ರಾಯಚೂರು ಕಲಬುರಗಿ ಕಡೆ ಬೇಸಿಗೇಲಿ ಮೆಡಿಕಲ್ ಶಾಪಿಂದ ಮನೆಗೆ ತರೋದೇ ದೊಡ್ಡ ಕೆಲಸ, ಥರ್ಮೋಕೋಲ್ ಬಾಕ್ಸಲ್ಲಿ ಐಸ್ ಪ್ಯಾಕ್ ಹಾಕಿ, ಐಸಿಗೂ ಇಂಜೆಕ್ಷನ್ ಬಾಕ್ಸಿಗೂ ಮಧ್ಯೆ ಒಂದು ಟವೆಲ್ ಇಡಿ. ಬಸ್ಸಲ್ಲಿ ಕಾಲಡಿ ಇಟ್ಕೊಳ್ಳಿ, ಡಿಕ್ಕಿಗೆ ಹಾಕ್ಬೇಡಿ. ವಿಮಾನದಲ್ಲಿ ಕೈಚೀಲದಲ್ಲೇ, ಪ್ರಿಸ್ಕ್ರಿಪ್ಷನ್ ಜೊತೆ. ಫ್ರಿಜ್ ಇಲ್ಲದೆ ಎಷ್ಟು ದಿನ ತಡೆಯುತ್ತೆ ಅನ್ನೋದು ಬ್ರ್ಯಾಂಡಿಂದ ಬ್ರ್ಯಾಂಡಿಗೆ ಬೇರೆ, ಒಳಗಿನ ಚೀಟಿ ಓದಿ.

ಹಾಕ್ಕೊಳೋ ದಿನ ಅರ್ಧ ಗಂಟೆ ಮುಂಚೆ ಹೊರಗೆ ತೆಗೆದಿಡಿ, ತಣ್ಣಗಿದ್ರೆ ಜಾಸ್ತಿ ಉರಿಯುತ್ತೆ. ಬಿಸಿನೀರಲ್ಲಿ ಇಡೋದು, ಬಿಸಿಲಿಗೆ ಇಡೋದು, ಕುಲುಕೋದು ಬೇಡ. ಬೆಳಕಿಗೆ ಹಿಡಿದು ನೋಡಿ, ಕಣ ಕಣ ಕಂಡ್ರೆ, ಬಣ್ಣ ಬದಲಾಗಿದ್ರೆ ವಾಪಸ್ ಮಾಡಿ. ಡೇಟ್ ನೋಡಿ. ಕೈ ಸೋಪಲ್ಲಿ ತೊಳೆದು ಕುರ್ಚಿ ಮೇಲೆ ಆರಾಮಾಗಿ ಕೂತ್ಕೊಳ್ಳಿ. ಜಾಗ ತೊಡೆ ಮುಂಭಾಗ ಅಥವಾ ಹೊಟ್ಟೆ, ಹೊಟ್ಟೆಯಾದ್ರೆ ಹೊಕ್ಕುಳಿಂದ ಎರಡು ಇಂಚು ದೂರ. ಸ್ವಾಬಲ್ಲಿ ಒರೆಸಿದ ಮೇಲೆ ಪೂರ್ತಿ ಆರಲಿ, ಒದ್ದೆ ಇರೋವಾಗ ಚುಚ್ಚಿದ್ರೆ ಸ್ಪಿರಿಟ್ಟೇ ಉರಿಯೋದು. ಸಿರಿಂಜ್ ಆದ್ರೆ ಚರ್ಮ ಮೆಲ್ಲಗೆ ಹಿಡಿದೆತ್ತಿ ಸುಮಾರು 45 ಡಿಗ್ರಿ ಓರೆಯಾಗಿ ಚುಚ್ಚಿ ನಿಧಾನವಾಗಿ ಒತ್ತಿ. ಪೆನ್ ಆದ್ರೆ ನೇರವಾಗಿ ಚರ್ಮಕ್ಕೆ ಒತ್ತಿ ಬಟನ್ ಅಮುಕಿ, ಟಿಕ್ ಅಂತ ಸದ್ದು ಬರುತ್ತೆ, ಆಗ ತೆಗೆದುಬಿಡೋ ಆಸೆ ಆಗುತ್ತೆ, ತೆಗೀಬೇಡಿ, ಕಿಟಕೀಲಿ ಬಣ್ಣ ಪೂರ್ತಿ ಬದಲಾಗೋ ತನಕ, ಹತ್ತು ಹದಿನೈದು ಎಣಿಸೋ ತನಕ ಹಿಡಿದೇ ಇರಿ. ಒಂದು ಹನಿ ರಕ್ತ ಬಂದ್ರೆ ಹತ್ತಿ ಒತ್ತಿ, ಉಜ್ಜಬೇಡಿ. ಮುಂದಿನ ಸಲ ಬೇರೆ ಕಡೆ. ಸೂಜಿಗೆ ಮುಚ್ಚಳ ವಾಪಸ್ ಹಾಕೋಕೆ ಹೋಗಿ ಕೈ ಚುಚ್ಕೋಬೇಡಿ, ಗಟ್ಟಿ ಪ್ಲಾಸ್ಟಿಕ್ ಡಬ್ಬೀಲಿ ಹಾಕಿಟ್ಟು ತುಂಬಿದ್ಮೇಲೆ ಆಸ್ಪತ್ರೆಗೆ ಕೊಡಿ, ಕಸದ ಗಾಡೀಲಿ ಬರಿಗೈಯಲ್ಲಿ ಕಸ ಬೇರ್ಪಡಿಸೋ ಪೌರಕಾರ್ಮಿಕರಿಗೆ ಅದು ಚುಚ್ಚುತ್ತೆ. ಮೊದಲ ಒಂದೆರಡು ಡೋಸ್ ನರ್ಸ್ ಮುಂದೆಯೇ ಹಾಕಿ ಕಲಿಯಿರಿ. ಜಾಗ ಕೆಂಪಾಗಿ ತುರಿಸೋದು ಸಾಮಾನ್ಯ, ಎರಡು ಮೂರು ದಿನದಲ್ಲಿ ಹೋಗುತ್ತೆ, ಆದ್ರೆ ಮೈಯೆಲ್ಲ ದದ್ದು, ತುಟಿ ಊತ, ಉಸಿರಾಟ ಕಷ್ಟ ಆದ್ರೆ ತಡ ಮಾಡದೆ ಎಮರ್ಜೆನ್ಸಿಗೆ.

ಜ್ವರ ಇದ್ದ ದಿನ, ಆಂಟಿಬಯೋಟಿಕ್ ತಗೋತಿರೋ ದಿನ ಡೋಸ್ ಹಾಕ್ಬೇಡಿ, ಫೋನ್ ಮಾಡಿ ಕೇಳಿ. ಆಪರೇಷನ್ ಇದ್ರೆ ಅದಕ್ಕೆ ತಕ್ಕ ಹಾಗೆ ಡೋಸ್ ಮುಂದೂಡ್ತಾರೆ, ಹಲ್ಲಿನ ಡಾಕ್ಟ್ರಿಗೂ ಈ ಔಷಧಿ ತಗೋತಿದೀನಿ ಅಂತ ಹೇಳಿ. ಹಸಿ ಹಾಲು, ಅರೆಬೆಂದ ಮೊಟ್ಟೆ ಮಾಂಸ ಬಿಡಿ, ಉಳಿದಂತೆ ಪಥ್ಯ ಇಲ್ಲ, ಉಷ್ಣ ಆಗುತ್ತೆ ಅಂತ ಯಾರಾದ್ರೂ ಊಟ ಕಮ್ಮಿ ಮಾಡ್ಸಿದ್ರೆ ಕೇಳ್ಬೇಡಿ.

ಕೆಲವರಿಗೆ ಒಂದೆರಡು ವಾರಕ್ಕೇ ಹಗುರ ಆಗುತ್ತೆ, ಕೆಲವರಿಗೆ ನಿಧಾನ, ಕನಿಷ್ಠ 12 ವಾರ ಕೊಡಿ. ಆಗ ಮತ್ತೆ ಬ್ಯಾಸ್ಡಾಯ್ ಹಾಕಿ, 6 ಇದ್ದಿದ್ದು 4 ಅಥವಾ ಕೆಳಗೆ ಬಂದಿದ್ರೆ, ಅಂದ್ರೆ ಕನಿಷ್ಠ 2 ಅಂಕ ಇಳಿದಿದ್ರೆ ಕೆಲಸ ಮಾಡ್ತಿದೆ ಅಂತ. ಇಳೀದಿದ್ರೆ ಇನ್ನೊಂದು ಗುಂಪಿಗೆ ಬದಲಾಯಿಸ್ತಾರೆ, ಒಂದು ಹಿಡಿಯದಿದ್ರೆ ಇನ್ನೊಂದು ಹಿಡಿಯೋದು ಅಪರೂಪ ಅಲ್ಲ. ನೋವು ಹೋಯ್ತು ಅಂತ ವ್ಯಾಯಾಮ ಬಿಡೋರನ್ನ ನೋಡಿದ್ರೆ ನಿಜವಾಗ್ಲೂ ಬೇಜಾರಾಗುತ್ತೆ, ಬೆನ್ನು ಬಗ್ಗೋ ಹಾಗೆ ಆಗಿರೋ ಈ ಸಮಯದಲ್ಲೇ ಸ್ಟ್ರೆಚಿಂಗು, ಈಜು, ಉಸಿರಾಟದ ವ್ಯಾಯಾಮ ಮಾಡಿಕೊಳ್ಳೋಕೆ ಸುಲಭ, ಈಗಾಗ್ಲೇ ಕೂಡಿಕೊಂಡಿರೋ ಮೂಳೆಯನ್ನ ಇಂಜೆಕ್ಷನ್ ಬಿಡಿಸಲ್ಲ. ಸಿಗರೇಟ್ ಬಿಡಿ, ಅದು ಬೆನ್ನುಮೂಳೆ ಕೂಡಿಕೊಳ್ಳೋದನ್ನ ಜೋರು ಮಾಡುತ್ತೆ.

"ಅಭ್ಯಾಸ ಆಗ್ಬಿಡುತ್ತೆ" ಅಂತ ಹೆದರಿಸೋರು ಸಿಗ್ತಾರೆ. ಇದು ಚಟ ಹಿಡಿಸೋ ಔಷಧಿ ಅಲ್ಲ, ನಿಲ್ಲಿಸಿದ್ರೆ ಕಾಯಿಲೆ ವಾಪಸ್ ಬರುತ್ತೆ ಅಷ್ಟೇ, ಹೆಚ್ಚಿನೋರಿಗೆ ಬರುತ್ತೆ. ತಿಂಗಳುಗಟ್ಟಲೆ ಪೂರ್ತಿ ಹತೋಟಿಯಲ್ಲಿದ್ರೆ ಡಾಕ್ಟ್ರೇ ಡೋಸುಗಳ ಮಧ್ಯದ ಅಂತರ ನಿಧಾನವಾಗಿ ಜಾಸ್ತಿ ಮಾಡ್ತಾರೆ, ಖರ್ಚೂ ಇಳಿಯುತ್ತೆ, ಅದನ್ನ ಅವರ ಜೊತೆ ಮಾತಾಡಿಯೇ ಮಾಡಿ.

ಮದುವೆ ಆಗೋರು, ಮಗು ಬೇಕು ಅನ್ನೋರು ಮೊದಲೇ ಹೇಳಿ. ಟೋಫಾಸಿಟಿನಿಬ್, ಮೆಥೋಟ್ರೆಕ್ಸೇಟ್ ಬಸಿರಲ್ಲಿ ಬೇಡ, ಟಿಎನ್‌ಎಫ್ ಗುಂಪಿನವನ್ನ ಡಾಕ್ಟ್ರ ನಿಗಾದಲ್ಲಿ ಎಷ್ಟೋ ಜನ ಮುಂದುವರೆಸ್ತಾರೆ, ಸರ್ಟೋಲಿಜುಮ್ಯಾಬ್ ಅನ್ನೋದು ಮಗುವಿಗೆ ದಾಟೋದು ತುಂಬಾನೇ ಕಮ್ಮಿ. ಆದ್ರೆ ಅಡಾಲಿಮುಮ್ಯಾಬ್, ಇನ್ಫ್ಲಿಕ್ಸಿಮ್ಯಾಬ್ ಕೊನೇ ತಿಂಗಳುಗಳಲ್ಲೂ ತಗೊಂಡಿದ್ರೆ ಅದು ಮಗುವಿನ ರಕ್ತದಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ, ನಮ್ಮಲ್ಲಿ ಹುಟ್ಟಿದ ತಕ್ಷಣ ಬಿಸಿಜಿ ಹಾಕೋದು ವಾಡಿಕೆ, ಅದು ಜೀವಂತ ವ್ಯಾಕ್ಸೀನ್, ಇಂಥ ಮಗುವಿಗೆ ಸಾಮಾನ್ಯವಾಗಿ ಆರು ತಿಂಗಳು ಮುಂದೂಡ್ತಾರೆ. ಹೆರಿಗೆ ವಾರ್ಡಲ್ಲಿ ನರ್ಸಿಗೆ ಇದು ಗೊತ್ತಿರಲ್ಲ, ಹೆರಿಗೆಗೆ ಮುಂಚೆಯೇ ರುಮಟಾಲಜಿಸ್ಟ್ ಹತ್ರ ಒಂದು ಚೀಟಿ ಬರೆಸ್ಕೊಂಡು ಫೈಲಿನ ಮೊದಲ ಪುಟಕ್ಕೆ ಹಚ್ಚಿ, ಮಕ್ಕಳ ಡಾಕ್ಟ್ರಿಗೂ ತೋರಿಸಿ, ಜೊತೆಗಿರೋ ಅಮ್ಮನಿಗೋ ಅತ್ತೆಗೋ ಬಾಯಲ್ಲೂ ಹೇಳಿಡಿ, ಮಗುವಿಗೆ ಸೂಜಿ ಹಾಕೋಕೆ ಬಂದಾಗ ನೀವು ನಿದ್ದೇಲಿರ್ಬೋದು.